ಕಣ್ಣು ತೋರಿಸಲು ಕರೆದೊಯ್ಯುತ್ತಿದ್ದ ಗಿರಿಜಮ್ಮ

ಬಸ್ಸು ಹತ್ತಿದ ಕೂಡಲೇ ಗಿರಿಜಮ್ಮ ಎಲ್ಲರಿಗೂ ಕೇಳುವಂತೆ ಒಂದು ಸುಳ್ಳು ಹೇಳುತ್ತಿದ್ದರು. "ಕಂಡಕ್ಟರಪ್ಪಾ, ದುರ್ಗದಾಗೆ ಆಸ್ಪತ್ರೆ ತಾವ ಇಳಿಸ್ಬಿಡು. ಈ ಹುಡುಗಿಗೆ ಕಣ್ಣು ತೋರಿಸ್ಬೇಕು, ಬೋರ್ಡ್ ಮ್ಯಾಲಿನ ಅಕ್ಷರನೇ ಕಾಣಲ್ವಂತೆ." ಪಕ್ಕದಲ್ಲಿ ಕೂತ ಮಗುವಿನ ಕಣ್ಣಿಗೆ ಏನೂ ಆಗಿರುತ್ತಿರಲಿಲ್ಲ.

ಅವರು ಹೊಳಲ್ಕೆರೆ ಕಡೆಯ ಒಂದು ಹಳ್ಳಿಯ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ, ಹೆಗಲಿಗೆ ಬ್ಯಾಗು, ಎಣ್ಣೆ ಹಚ್ಚಿ ಬಿಗಿದ ತುರುಬು. ಬೆಚ್ಚಿ ಬೀಳುವ, ಊಟ ಬಿಟ್ಟ, ಶಾಲೆಯ ಹೆಸರೆತ್ತಿದರೆ ವಾಂತಿ ಮಾಡುವ ಮಕ್ಕಳನ್ನು ಚಿತ್ರದುರ್ಗದ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆತರುವುದು ಅವರಿಗೆ ಯಾರೂ ವಹಿಸದ ಕೆಲಸ. ಪತ್ರಿಕೆಯ ವರದಿಗೆಂದು ಆ ಆಸ್ಪತ್ರೆಗೆ ಹೋದಾಗ ನನಗೆ ಪರಿಚಯವಾದರು. ಸುಳ್ಳೇಕೆ ಎಂದು ಕೇಳಿದೆ.

"ಡಾಕ್ಟ್ರ ಭಯ ಇಲ್ಲ ಸಾರ್ ಈ ತಾಯಂದ್ರಿಗೆ. ಆ ರೂಮಿನ ಮುಂದಿನ ಬೆಂಚಿನ ಭಯ. ಅಲ್ಲಿ ಕುಂತಿದ್ದು ಒಬ್ರು ನೋಡಿದ್ರೂ ಸಾಕು, ನಾವು ಊರು ಮುಟ್ಟೋಕೆ ಮುಂಚೆ ಸುದ್ದಿ ಮುಟ್ಟಿರ್ತೈತೆ."

ಆ ದಿನ ಅವರ ಜೊತೆಗಿದ್ದವಳು ಚಂದನ, ಹನ್ನೊಂದು ವರ್ಷದ ಹುಡುಗಿ. ಹೊಲದಲ್ಲಿ ಮೋಟಾರ್ ಹಾಕಲು ಹೋದ ಅಪ್ಪ ಕರೆಂಟ್ ಹೊಡೆದು ಸತ್ತದ್ದನ್ನು ಕಣ್ಣೆದುರೇ ನೋಡಿದ್ದಳು. ಅಂದಿನಿಂದ ಮಾತು ನಿಂತಿತ್ತು. ಅಜ್ಜಿ ತಾಯಿತ ಕಟ್ಟಿಸಿದ್ದರು. ಈರುಳ್ಳಿ ಕೀಳುವ ಕೂಲಿಗೆ ಹೋಗುತ್ತಿದ್ದ ತಾಯಿ ರೇಣುಕ ಕಣ್ಣಿನ ನೆಪವಿದ್ದುದರಿಂದಷ್ಟೇ ಆಸ್ಪತ್ರೆಗೆ ಒಪ್ಪಿದ್ದಳು. ಆ ನೆಪವನ್ನು ಊರು ಎಷ್ಟು ನಂಬಿತ್ತೆಂದರೆ, ಮೇಷ್ಟ್ರು ಚಂದನಳನ್ನು ಹಿಂದಿನ ಸಾಲಿನಿಂದ ಎಬ್ಬಿಸಿ ಬೋರ್ಡಿನ ಮುಂದೆಯೇ ಕೂರಿಸಿದ್ದರು. ಹೇಳುವಾಗ ಗಿರಿಜಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು. "ಕನ್ನಡಕ ಎಲ್ಲಿ ಅಂತ ದಿನಾ ಕೇಳ್ತಾರೆ ಸಾರ್. ಮಾಡಾಕೆ ಹಾಕೀವಿ ಅಂದೀನಿ."

ನಾಲ್ಕನೇ ಭೇಟಿಯ ಮರುದಿನ ನನಗೆ ಫೋನ್ ಮಾಡಿದರು. ಚಂದನ ಮಾತಾಡಿದ್ದಳು. ಮುದ್ದೆ ತಿನ್ನುತ್ತಾ ತಲೆಯೆತ್ತಿ, "ಇನ್ನೊಂಚೂರು ಸಾರು ಹಾಕವ್ವ" ಎಂದಿದ್ದಳು. ರೇಣುಕ ಸೌಟು ಹಿಡಿದುಕೊಂಡೇ ಗಿರಿಜಮ್ಮನ ಮನೆಗೆ ಓಡಿ ಬಂದಿದ್ದಳು.

ನಾನು ಬರೆದೆ. ಮಕ್ಕಳ ಹೆಸರು ಬಿಟ್ಟೆ, ಗುರುತು ಸಿಗುವ ವಿವರ ತೆಗೆದೆ, ಪ್ರತಿ ಸಾಲನ್ನೂ ಎರಡು ಸಲ ಪರಿಶೀಲಿಸಿದೆ. ಗಿರಿಜಮ್ಮನ ಹೆಸರು ಹಾಕಿದೆ. ಫೋಟೋಗೆಂದು ಅವರು ಸೀರೆಯ ನೆರಿಗೆ ಸರಿಮಾಡಿಕೊಂಡು ನಿಂತಿದ್ದರು, ಸಂತೋಷವಾಗಿಯೇ. ಮಕ್ಕಳ ಮನೋವೈದ್ಯರ ಬಳಿಗೆ ದಾರಿ ತೋರುವ ತಾಯಿ ಎಂಬ ಅರ್ಥದ ಶೀರ್ಷಿಕೆಯಲ್ಲಿ ಅದು ಅಚ್ಚಾಯಿತು.

ಪಂಚಾಯಿತಿಯವರು ಶಾಲು ಹೊದಿಸಿದರು. ಪತ್ರಿಕೆಯ ತುಣುಕನ್ನು ಕಚೇರಿಯ ಗೋಡೆಗೆ ಅಂಟಿಸಿದರು. ಅದೇ ವಾರ ನಲ್ಲಿಯ ಹತ್ತಿರ ಹೆಂಗಸರು ಯಾರ್ಯಾರ ಮಕ್ಕಳು ಕಣ್ಣು ತೋರಿಸಲು ಹೋಗಿದ್ದರೆಂದು ಒಂದೊಂದೇ ಹೆಸರು ಹೇಳತೊಡಗಿದರು. ಶಾಲೆಯಲ್ಲಿ ಚಂದನಳ ಪಕ್ಕ ಕೂರಬಾರದೆಂದು ಇಬ್ಬರು ತಾಯಂದಿರು ತಮ್ಮ ಮಕ್ಕಳಿಗೆ ಹೇಳಿಕೊಟ್ಟರು.

ಮುಂದಿನ ಭೇಟಿಯ ದಿನ ರೇಣುಕ ಬಾಗಿಲು ಪೂರ್ತಿ ತೆರೆಯಲಿಲ್ಲ. ಸಂದಿಯಿಂದ ಆಡಿದ ಮಾತನ್ನು ಗಿರಿಜಮ್ಮ ನನಗೆ ಹಾಗೆಯೇ ಒಪ್ಪಿಸಿದರು. "ನಿಮ್ ಜತಿಗೆ ಬಸ್ ಹತ್ತಿದ್ರೆ ಹುಚ್ಚು ಅಂತ ಬರೆದು ಕೊಟ್ಟಂಗೆ ಅಕ್ಕಾ. ಗಂಡ ಇಲ್ದೋಳು ನಾನು. ನಾಳೆ ಈ ಹುಡುಗೀನ ಕೇಳಾಕೆ ಯಾರು ಬತ್ತಾರೆ?" ಹೊಸದುರ್ಗದ ಮೇಲೆ ಸುತ್ತು ಹಾಕಿಕೊಂಡು ಹೋಗಾಣ ಎಂದರು ಗಿರಿಜಮ್ಮ. "ನಾನು ಹಿಂದಿನ ಸೀಟಿನಾಗೆ ಕುಂತ್ಕೊಂತೀನಿ, ಗುರುತೇ ಇಲ್ದೋರಂಗೆ ಇರಾಣ" ಎಂದರು. ಬಾಗಿಲು ಮುಚ್ಚಿತು. ಉಳಿದ ಮನೆಗಳಲ್ಲೂ ಅದೇ ಆಯಿತು. ಚಂದನ ಮೊದಲು ಶಾಲೆ ಬಿಟ್ಟಳು, ಆಮೇಲೆ ಮತ್ತೆ ಮಾತು ಬಿಟ್ಟಳು.

ಗಿರಿಜಮ್ಮನನ್ನು ನಾನು ಕೊನೆಯ ಸಲ ನೋಡಿದ್ದು ಒಂದು ಪೋಲಿಯೋ ಭಾನುವಾರ, ಅವರ ಊರಿನ ಅಂಗನವಾಡಿಯ ಮುಂದೆ. ಇನ್ನೊಂದು ವರದಿ ಬರೆದು ಜನರಿಗೆ ತಿಳಿಹೇಳಬಹುದೇನೋ ಎಂದೆ. ಅವರು ಬೈಯಲಿಲ್ಲ. "ನೀವು ಬರೆದಿದ್ದು ಒಂದಕ್ಷರಾನೂ ಸುಳ್ಳಲ್ಲ ಸಾರ್. ಬ್ಯಾಡ, ಇನ್ನ ಬರೀಬ್ಯಾಡ್ರಿ" ಎಂದರು.

ಸಾಲು ಉದ್ದಕ್ಕಿತ್ತು. ಯಾವ ಅಳುಕೂ ಇಲ್ಲದೆ ತಾಯಂದಿರು ತಮ್ಮ ಕೂಸುಗಳನ್ನು ಅವರ ಕೈಗೆ ಕೊಡುತ್ತಿದ್ದರು. ರೇಣುಕಳೂ ಎರಡು ವರ್ಷದ ಚಿಕ್ಕ ಮಗಳನ್ನು ಎತ್ತಿಕೊಂಡು ಬಂದಳು. ಗಿರಿಜಮ್ಮ ಎರಡು ಹನಿ ಹಾಕಿ, ಮಗುವಿನ ಕಿರುಬೆರಳಿಗೆ ಶಾಯಿ ಹಚ್ಚುತ್ತಾ, ತಲೆಯೆತ್ತದೆ ಕೇಳಿದರು: "ದೊಡ್ಡೋಳು?"

"ಮಲಗವಳೆ."

ಬೆಳಿಗ್ಗೆ ಹನ್ನೊಂದು ಗಂಟೆಯಾಗಿತ್ತು. ಗಿರಿಜಮ್ಮ ಮುಂದಿನ ಮಗುವಿಗೆ ಕೈ ಚಾಚಿದರು.