ಎದೆಗರಿಯ ತುದಿಯ ಬಣ್ಣ

ಟರ್ಕಿ ಕೋಳಿಯ ಗರಿಯನ್ನು ಅಂಕಲ್ ರೆಪ್ಪೆಗೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದರು. ಕತ್ತು ವಾರೆ ಮಾಡಿ ಒಂದೇ ಕಣ್ಣಲ್ಲಿ ನೋಡುವರು. ಮೂಗಿನ ಮೇಲೆ ಸದಾ ಒಂದೆರಡು ಪುಕ್ಕದ ಎಳೆ ಅಂಟಿರುತ್ತಿದ್ದವು. ಒರೆಸಿಕೊಳ್ಳಿ ಅಂದರೆ, ಇರಲಿ ಬಿಡು, ಹಬ್ಬದ ಶೃಂಗಾರ ಎನ್ನುವರು.

ಎರಡು ಸಾವಿರದ ದಶಕದ ನಡುವಿನ ಮಾತು. ನಾನು ಪರದೇಶದ ಊರು ಕ್ಲೇಟನ್‌ನಲ್ಲಿ ಓದುತ್ತಿದ್ದೆ. ಶನಿವಾರ ಕ್ರಾನ್‌ಬರ್ನ್ ಆಚೆ, ಕಾಡು ತಳಿಯ ಟರ್ಕಿ ಸಾಕುವ ಫಾರ್ಮಿನಲ್ಲಿ ಕೆಲಸ. ಅದನ್ನು ಕೊಡಿಸಿದವರು ಮಂಗಳೂರು ಕಡೆಯ ಈ ಅಂಕಲ್. ಕ್ರಿಸ್‌ಮಸ್‌ಗೆ ಮುಂಚೆ ಗಂಡುಗಳು ಮಾಂಸಕ್ಕೆಂದು ಲಾರಿ ಹತ್ತಬೇಕು, ಹೆಣ್ಣುಗಳು ಮೊಟ್ಟೆಗೆ ಉಳಿಯಬೇಕು. ಆರಿಸುವುದು ಅಂಕಲ್ ಕೆಲಸ.

ಈ ಹಕ್ಕಿಯ ಎದೆಯಿಂದ ಕುದುರೆ ಬಾಲದಂಥ ಒಂದು ಕುಚ್ಚು ಇಳಿಬಿದ್ದಿರುತ್ತದೆ. ನಾವು ಅದನ್ನು ಗಡ್ಡ ಅನ್ನುತ್ತಿದ್ದೆವು.

"ಗಡ್ಡ ನೋಡಿ ಮೋಸ ಹೋಗ್ಬೇಡ ಮಾರಾಯ. ಕೆಲವು ಹೆಣ್ಣಿಗೂ ಬರ್ತದೆ. ಎದೆಗರಿಯ ತುದಿ ನೋಡು. ಗಂಡಾದ್ರೆ ಕಪ್ಪು, ಹೆಣ್ಣಾದ್ರೆ ಕಂದು."

ಆದರೆ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿತ್ತು. ಮಾಲೀಕನಿಗೆ ತಿಳಿದರೆ ಕೆಲಸ ಹೋಗುತ್ತದೆ ಎಂದು ಹೆದರಿ ಆಂಟಿಗೂ ಹೇಳಿರಲಿಲ್ಲ, ನನಗೊಬ್ಬನಿಗೇ ಹೇಳಿದ್ದರು. ಹಕ್ಕಿಯನ್ನು ಹಿಡಿದು ಎದೆ ತೋರಿಸುವುದು ನಾನು. ಮೆಲ್ಲಗೆ ಕಪ್ಪು ಅಥವಾ ಕಂದು ಎನ್ನುತ್ತಿದ್ದೆ. ಅವರು ಅದನ್ನೇ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಗಂಡು, ಹೆಣ್ಣು ಎಂದು ಸಾರುವರು. ಪಕ್ಕದಲ್ಲೇ ನಿಂತ ಮಾಲೀಕನಿಗೆ ನಮ್ಮ ಕನ್ನಡ ಎಲ್ಲಿಂದ ಗೊತ್ತಾಗಬೇಕು! ಒಂದು ವರ್ಷ ಹೀಗೇ ನಡೆಯಿತು.

ಮರುವರ್ಷ ಡಿಸೆಂಬರಿನ ಒಂದು ಬೆಳಿಗ್ಗೆ, ಅಲ್ಲಿಯ ಬೇಸಿಗೆಯ ಸುಡುವ ಬಿಸಿಲು. ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಗಡ್ಡವಿದ್ದ ಹಕ್ಕಿಯೊಂದು ಕೈಗೆ ಬಂತು. ಗರಿಯ ತುದಿ ನೋಡಲೇ ಇಲ್ಲ ನಾನು, ಎಂಥ ಕತ್ತೆ! ಕಪ್ಪು ಅಂದೆ. ಗಂಡು ಎಂದರು ಅಂಕಲ್. ಪಂಜರಕ್ಕೆ ತುಂಬಿದೆವು.

ಲಾರಿಯ ಬಳಿ ಮಾಲೀಕ ಪಂಜರದೊಳಗೆ ಇಣುಕಿದ. ಅದು ಕಾವು ಕೂರುವುದರಲ್ಲಿ ಅವನ ಅತ್ಯುತ್ತಮ ಹೇಂಟೆ. ಅದರ ಎದೆಯಿಂದ ಒಂದು ಗರಿ ಕಿತ್ತು ಅಂಕಲ್ ಮುಖದ ಮುಂದೆ ಹಿಡಿದು, ತುದಿ ಯಾವ ಬಣ್ಣ ಹೇಳು ಎಂದ.

ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ಕಂದು ಅಂತ ಗೊಣಗಿದ್ದರೂ ಸಾಕಿತ್ತು. ತಪ್ಪು ನನ್ನದೆಂದು ಒಪ್ಪಿಕೊಂಡಿದ್ದರೆ ಇನ್ನೂ ಚೆನ್ನಿತ್ತು. ಎಲ್ಲಿ ನನ್ನ ಕೆಲಸ ಹೋಗುತ್ತದೋ ಎಂದು ಬಗ್ಗಿ ಇನ್ನೊಂದು ಪಂಜರದ ಚಿಲಕ ಬಿಗಿಯತೊಡಗಿದೆ. ಅಂಕಲ್ ನನಗಾಗಿ ಕಾದರು. ಹೌದು, ಕಾದರು, ಅವರ ಕಿವಿ ನನ್ನ ಕಡೆಗಿತ್ತು.

ಆಮೇಲೆ ಇಂಗ್ಲಿಷಿನಲ್ಲಿ, ನನಗೆ ಕಣ್ಣು ಕಾಣುವುದಿಲ್ಲ, ಹುಡುಗನ ತಪ್ಪೇನೂ ಇಲ್ಲ ಎಂದರು. ಟೊಪ್ಪಿ ತೆಗೆದುಕೊಂಡು ಅಂದೇ ಮನೆಗೆ ಹೋದರು. ಆರಿಸುವ ಕೆಲಸವನ್ನು ಮಾಲೀಕ ನನಗೆ ಕೊಟ್ಟ. ನಾಚಿಕೆಗೆಟ್ಟವನು, ತೆಗೆದುಕೊಂಡೆ.

ವಾರದ ನಂತರ ಕ್ಷಮೆ ಕೇಳಲು ಅವರ ಮನೆಗೆ ಹೋದೆ. ಅರ್ಧ ಮಾತಿಗೇ ತಡೆದರು.

"ಇದನ್ನೆಲ್ಲ ಪಾದ್ರಿಗಳ ಹತ್ರ ಹೇಳುದು, ನನ್ನ ಹತ್ರ ಎಂತಕ್ಕೆ? ಕೂತ್ಕೋ, ಊಟ ಮಾಡು."

ಮೂರು ವರ್ಷಕ್ಕೆ ಅಂಕಲ್ ತೀರಿಕೊಂಡರು. ಚರ್ಚಿಗೆ ಮಾಲೀಕನೂ ಬಂದಿದ್ದ. ನನ್ನ ಹೆಗಲ ಮೇಲೆ ಕೈಯಿಟ್ಟು, ಒಳ್ಳೆಯ ಮನುಷ್ಯ, ಪಾಪ, ಆ ದಿನ ಕಣ್ಣು ಕೈಕೊಟ್ಟಿತು ಎಂದ. ಆಗಲೂ ನಾನು ಹೌದೆಂದು ತಲೆಯಾಡಿಸಿದೆ.