ಗಂಜಿಗೆ ಬಿದ್ದ ಚಿಟಿಕೆ ಉಪ್ಪು

ಇವತ್ತು ಬೆಳಿಗ್ಗೆ ಹತ್ತಿ ಸೀರೆಗೆ ಹಾಕಲು ಗಂಜಿ ಕಾಯಿಸುತ್ತಿದ್ದೆ. ಆ ಬಿಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಮಿಚಿಕೊ ಸಾನ್ ನೆನಪಾಗಿ ಒಬ್ಬಳೇ ನಕ್ಕೆ. ನಿಮಗೂ ಹೇಳಿಬಿಡುತ್ತೇನೆ, ನಗುವುದಾದರೆ ನನ್ನನ್ನು ನೋಡಿಯೇ ನಗಿ.

ಕೋವಿಡ್ ಎಲ್ಲರನ್ನೂ ಒಳಗೆ ಕೂರಿಸಿದ್ದ ವರ್ಷ. ಪರದೇಶದ ಈ ಮಾಂಟ್ ಕಿಯಾರಾದಲ್ಲಿ, ನಮ್ಮ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರು ಅವರು, ಎಪ್ಪತ್ತು ದಾಟಿದ ಜಪಾನಿ ಹೆಂಗಸು. ಮರದ ಹಲಗೆಯಲ್ಲಿ ಚಿತ್ರ ಕೆತ್ತಿ, ಬಣ್ಣ ಬಳಿದು, ಕಾಗದಕ್ಕೆ ಅಚ್ಚೊತ್ತುತ್ತಿದ್ದರು. ಮೂಲೆಯಲ್ಲಿ ತಮ್ಮದೇ ಒಂದು ಸಾಲಿನ ಕವಿತೆ. "ಚಿತ್ರ ಹೇಳಿದ್ದನ್ನ ಕವಿತೆ ಮತ್ತೆ ಹೇಳಬಾರದು" ಅನ್ನುತ್ತಿದ್ದರು. ಹೇಳಿದ್ದನ್ನೇ ಹತ್ತು ಸಲ ಹೇಳುವ ನನಗೆ ಅದು ಚುಚ್ಚಿದಂತಾಗುತ್ತಿತ್ತು.

ಆಗ ಅವರು ಕೆತ್ತಿದ್ದು ನಮ್ಮ ಕೆಳಗಿನ ಈಜುಕೊಳ. ಯಾರೂ ಇಳಿಯದಂತೆ ಪಟ್ಟಿ ಕಟ್ಟಿ ಮುಚ್ಚಿದ ಕೊಳದಲ್ಲಿ ಒಂದು ಗೊರವಂಕ ಪಟಪಟ ಸ್ನಾನ ಮಾಡುತ್ತಿದೆ. ಕವಿತೆ: "ಇವತ್ತೂ ಯಾರೂ ಬೈಯಲಿಲ್ಲ." ಜಪಾನಿನಲ್ಲಿ ಹಾಸಿಗೆ ಹಿಡಿದಿದ್ದ ಅಕ್ಕನಿಗಾಗಿ ಅದು. ವಿಮಾನವಿಲ್ಲ, ಹೋಗಿ ನಗಿಸುವಂತಿಲ್ಲ. ಅಂಚೆಯಲ್ಲಾದರೂ ನಗು ಹೋಗಲಿ ಅಂತ. ಒಳ್ಳೆಯ ಕಾಗದ ಉಳಿದಿದ್ದು ಎರಡೇ ಹಾಳೆ.

ಬಣ್ಣಕ್ಕೆ ಬೆರೆಸುವ ಅಕ್ಕಿ ಅಂಟು ಮುಗಿದಿತ್ತು. "ಅಯ್ಯೋ, ಗಂಜಿ ತಾನೆ? ನಾನು ಮಾಡಿಕೊಡ್ತೀನಿ" ಅಂದೆ. ಕಾಯಿಸಿ, ಸೋಸಿ, ಎರಡು ಬಾಗಿಲುಗಳ ನಡುವಿನ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು, ಬೆಲ್ ಒತ್ತಿ ಒಳಗೆ ಓಡಿದೆ. ಆಗಿನ ಕೊಡುಕೊಳ್ಳುವಿಕೆಯೇ ಹಾಗಿತ್ತು.

ಎರಡು ದಿನ ಬಿಟ್ಟು ಅವರೇ ಬೆಲ್ ಒತ್ತಿದರು. ಮಾಸ್ಕಿನ ಮೇಲೆ ಹುಬ್ಬು ಗಂಟಾಗಿತ್ತು. "ಓಕುಸಾನ್," (ಗೃಹಿಣಿಯರನ್ನು ಅವರ ಕಡೆ ಹಾಗೆ ಕರೆಯುತ್ತಾರೆ) "ನೀಲಿ ಒಣಗ್ತಾನೇ ಇಲ್ಲ, ಕಲೆ ಕಟ್ಟಿದೆ. ಏನು ಹಾಕಿದ್ರಿ?"

"ಅಕ್ಕಿ, ನೀರು, ರುಚಿಗೆ ಉಪ್ಪು."

ಹೇಳಿದ ಮೇಲೆಯೇ ನನ್ನ ಮಾತು ನನಗೆ ಕೇಳಿಸಿದ್ದು.

"ಯಾರು ಊಟ ಮಾಡೋದಿತ್ತು?"

ಒಳಗೆ ನಮ್ಮ ಯಜಮಾನರು ಆಫೀಸ್ ಮೀಟಿಂಗಿನ ಮಧ್ಯೆಯೇ ಗೊಳ್ಳೆಂದರು. ನನಗೋ ಅಳು. ಕಾನ್ವೆಂಟಿನಲ್ಲಿ ಕಲಿತ 'ಸಾರಿ, ವೆರಿ ಸಾರಿ'ಗಳನ್ನೆಲ್ಲ ಸುರಿದು, ಕೊನೆಗೆ "ಆ ಕಲೆಗಳೂ ಒಂಥರಾ ಚೆಂದ ಅಲ್ವಾ?" ಅಂದೆ.

"ಇಲ್ಲ. ಕೆಟ್ಟಿದ್ದು ಕೆಟ್ಟಿದ್ದೇ. ಇನ್ನೊಂದು ಹಾಳೆ ಇದೆ. ಮತ್ತೆ ಗಂಜಿ ಮಾಡಿ."

"ನಾನೇ?"

"ಇನ್ಯಾರು? ಏನು ಹಾಕಬಾರದು ಅಂತ ಈಗ ನಿಮಗೆ ಗೊತ್ತಲ್ಲ."

ಉಪ್ಪಿನ ಡಬ್ಬಿಯನ್ನು ಯಜಮಾನರ ಕೈಗೆ ಕೊಟ್ಟು, ಅಡುಗೆಮನೆಯಿಂದ ಆಚೆ ಕಳಿಸಿ, ಗಂಜಿ ಕಾಯಿಸಿದೆ. ಈ ಸಲ ನೀಲಿ ಗರಿಗರಿಯಾಗಿ ಒಣಗಿತು. ತಿಂಗಳ ಮೇಲೆ ಅಕ್ಕನ ಫೋನ್ ಬಂತಂತೆ: ಹಕ್ಕಿ ನೋಡಿ ನಕ್ಕು ನಕ್ಕು ಕೆಮ್ಮು ಹತ್ತಿ, ನರ್ಸ್ ಬೈದಳಂತೆ!

ಮಿಚಿಕೊ ಸಾನ್ ಈಗ ಜಪಾನಿಗೆ ಮರಳಿದ್ದಾರೆ. ಇವತ್ತು ಮಧ್ಯಾಹ್ನ ನನ್ನ ಸಾರು ಹುಳಿ ಹುಳಿ. ಮೊದಲಾಗಿದ್ದರೆ ತಪ್ಪನ್ನು ತಮಿಳರ ಅಂಗಡಿಯ ಹುಣಸೆಹಣ್ಣಿನ ಮೇಲೆ ಹಾಕುತ್ತಿದ್ದೆ.

"ಪರವಾಗಿಲ್ಲ ಬಿಡೆ, ಮೊಸರಲ್ಲಿ ಮುಗಿಸ್ತೀನಿ" ಅಂದರು ಯಜಮಾನರು, ಮುಖ ಹಿಂಡಿಕೊಂಡು.

"ಇಲ್ಲ ರೀ, ಹಾಳಾಗಿದೆ. ಕುಕ್ಕರ್ ಮೂರು ಸಲ ಕೂಗೋವರೆಗೆ ಕಾಯಿರಿ" ಎಂದು ಬೇಳೆ ತೊಳೆಯಲು ಎದ್ದೆ, ಒಂದೇ ಒಂದು 'ಸಾರಿ'ಯನ್ನೂ ಕೇಳದೆ.