ಪೆಟ್ಟಿಗೆಯ ಹೊರಗಿನ ಉಳಿ

ಮನೆಯ ಬಾಗಿಲಿಗೆ ಬೀಗ ಹಾಕಿದ ನೆನಪು ನನಗಿಲ್ಲ. ಉಳಿ, ಗರಗಸ ಇಡುವ ಹತ್ಯಾರದ ಪೆಟ್ಟಿಗೆಗೆ ಮಾತ್ರ ಒಂದು ದಿನವೂ ಬೀಗ ತಪ್ಪಿಸಲಿಲ್ಲ. ಎಪ್ಪತ್ತರ ದಶಕದಲ್ಲಿ ಇಳಕಲ್ಲಿನ ನೇಕಾರರ ಓಣಿಯಲ್ಲಿ ಮಗ್ಗ ಮಾಡಿಕೊಡುವ, ಕೆಟ್ಟ ಮಗ್ಗ ರಿಪೇರಿ ಮಾಡುವ ಬಡಿಗ ನಾನು. ಹುಟ್ಟಿದ್ದು ನೇಕಾರರ ಮನೆಯಲ್ಲೇ. ಆದರೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂಡುವ ಸಮಾಧಾನ ನನ್ನ ಮೈಯಲ್ಲಿರಲಿಲ್ಲ. ಮೂಗಿನ ತುದಿಯಲ್ಲೇ ಸಿಟ್ಟು. ಎಳೆ ಹರಿದರೆ ಮಗ್ಗಕ್ಕೇ ಒದೆಯುತ್ತಿದ್ದೆ. ಅಪ್ಪ ಬೇಸತ್ತು ನನ್ನನ್ನು ಹುನಗುಂದದ ಒಬ್ಬ ಮುದುಕ ಬಡಿಗರ ಹತ್ತಿರ ಕಳಿಸಿದ. "ಹೋಗಿ ಕಟಿಗಿ ಬಡದರ ಬಡೀಲಿ" ಅಂದಿದ್ದನಂತೆ.

ಆ ಗುರುಗಳು ಆರು ತಿಂಗಳು ನನ್ನನ್ನು ಸಾಣೆಕಲ್ಲಿನ ಮುಂದಿನಿಂದ ಏಳಗೊಡಲಿಲ್ಲ. ಆಮೇಲೆ ಒಂದೊಂದೇ ಹೇಳಿಕೊಟ್ಟರು. ಗರಗಸದ ಮೊದಲ ಎಳೆತ ಹಿಂದಕ್ಕೆ, ಮೆಲ್ಲಗೆ. ಬಾಚಿ ಬೀಸುವಾಗ ನಿನ್ನ ಪಾದ ಅದರ ದಾರಿಯಲ್ಲಿ ಇರಬಾರದು. ಉಳಿಗೆ ಕೊಡತಿಯಿಂದ ಹೊಡೆಯುವಾಗ ಎರಡೂ ಕೈ ಅಲಗಿನ ಹಿಂದೆ ಇರಬೇಕು, ಕಟ್ಟಿಗೆಯನ್ನು ಕಾಲಲ್ಲಿ ಒತ್ತಬೇಕು ಇಲ್ಲವೇ ಹಗ್ಗದಿಂದ ಬಿಗಿಯಬೇಕು. ಹರಿತ ನೋಡಲು ಬೆರಳು ಸವರಬಾರದು. ಹೆಬ್ಬೆರಳ ಉಗುರಿನ ಮೇಲೆ ಅಲಗು ಇಟ್ಟು ನೋಡಬೇಕು, ಕಚ್ಚಿ ನಿಂತರೆ ಹರಿತ, ಜಾರಿದರೆ ಮೊಂಡ.

"ಹರಿತ ಉಳಿ ನೀ ಹೇಳಿದಲ್ಲಿ ಹೊಕ್ಕೈತಿ" ಎನ್ನುತ್ತಿದ್ದರು. "ಮೊಂಡಂದಕ್ಕ ನೀ ಜೋರ ಹಾಕತಿ, ಅದು ಜಾರತೈತಿ. ಜಾರಿದ ಮ್ಯಾಲೆ ಅದರ ಮುಂದ ಕಟಿಗಿ ಐತೋ ಕೈ ಐತೋ ಅದಕ್ಕೇನು ಗೊತ್ತಲೇ? ಮೊಂಡ ಸಾಮಾನು ಯಾರ ಕೈಯಾಗೂ ಕೊಡಬ್ಯಾಡ."

ಇನ್ನೊಂದು ಮಾತನ್ನೂ ಅವರೇ ಹೇಳಿದ್ದರು. ಅಮಾವಾಸ್ಯೆ ದಿನ ಹತ್ಯಾರ ಮುಟ್ಟಬಾರದು, ತೊಳೆದು ವಿಭೂತಿ ಹಚ್ಚಿ ಪೆಟ್ಟಿಗೆಯಲ್ಲಿ ಮಲಗಿಸಬೇಕು. ಹುಟ್ಟಾ ಬಡಿಗರಿಗಿಂತ ಹೆಚ್ಚಿನ ನಿಷ್ಠೆಯಿಂದ ನಾನು ಆ ನೇಮ ಹಿಡಿದೆ. ನೇಕಾರರ ಹುಡುಗನಿಗೆ ಏನು ಗೊತ್ತು ಎಂದು ಯಾರೂ ಅನ್ನಬಾರದಲ್ಲ, ಅದಕ್ಕೆ. ಎರಡು ಮಾತಲ್ಲಿ ನನಗೆ ಅಮಾವಾಸ್ಯೆಯ ಮಾತು ನೆನಪುಳಿಯಿತು.

ನನ್ನ ಹೆಂಡತಿ ಕೊಂಡಿ ಹಾಕುವುದರಲ್ಲಿ ಓಣಿಗೇ ಹೆಸರಾದವಳು. ಇಳಕಲ್ಲ ಸೀರೆಯ ಒಡಲು ಬೇರೆ, ಸೆರಗು ಬೇರೆ. ಸೆರಗಿನ ಕೆಂಪು ರೇಷ್ಮೆಯ ಒಂದೊಂದು ಎಳೆಯನ್ನೂ ಒಡಲಿನ ಒಂದೊಂದು ಎಳೆಗೆ ಸಿಕ್ಕಿಸಿ, ಹೊಸೆದು, ಕೂಡಿಸಬೇಕು. ಅದೇ ಕೊಂಡಿ. ಸಾವಿರಾರು ಎಳೆ. ಬೇರೆಯವರು ಕಣ್ಣು ಕಿರಿದು ಮಾಡಿಕೊಂಡು, ಉಸಿರು ಬಿಗಿಹಿಡಿದು ಹಾಕುತ್ತಿದ್ದರು. ಇವಳು ಬಾಗಿಲ ಕಡೆ ಮುಖ ಮಾಡಿ ಹರಟೆ ಹೊಡೆಯುತ್ತ, ಎಡಗೈ ತೋರುಬೆರಳು ಹೆಬ್ಬೆರಳಿನ ನಡುವೆ ಎಳೆ ಹೊರಳಿಸಿ ಮುಗಿಸಿಬಿಡುತ್ತಿದ್ದಳು. ಎದುರುಮನೆಯ ವಿಧವೆ, ಅವಳೂ ನೇಕಾರಳೇ, ಬಂದು ಕೂತು ನೋಡುವಳು. "ನಿನ್ನ ಬೆರಳಿಗೆ ಕಣ್ಣ ಅದಾವೇನ ಯವ್ವಾ!" ಎನ್ನುವಳು. ಇವಳು ನನ್ನತ್ತ ಓರೆಗಣ್ಣಲ್ಲಿ ನೋಡಿ, "ಮನಿಯವರಿಗೆ ಕಣ್ಣಿಲ್ಲಲ್ಲ, ಬೆರಳಿಗಾರ ಇರಲಿ" ಎಂದು ನಗುವಳು.

ಆ ವರ್ಷ ಮಳೆಯ ತಂಪಿಗೆ ಅವಳ ಮಗ್ಗದ ಕಟ್ಟಿಗೆ ಉಬ್ಬಿತ್ತು. ನೇಯ್ದ ಸೀರೆ ಸುತ್ತುವ ದಿಂಡಿನ ಬೆಣೆ ಸಿಕ್ಕಿಕೊಂಡು ದಿಂಡು ತಿರುಗುತ್ತಿರಲಿಲ್ಲ. ಮಾಡಿಕೊಡುತ್ತೇನೆ ಎನ್ನುತ್ತ ನಾನು ದಿನ ದೂಡಿದೆ. ಅಷ್ಟರಲ್ಲಿ ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ಮಗ್ಗಕ್ಕೂ ಬಿಡುವು.

"ಒಂದು ಉಳಿ ಕೊಡ್ರಿ, ಬೆಣಿ ನಾನ ಬಿಡಿಸಿಕೊಂತೇನಿ" ಅಂದಳು.

"ಇವತ್ತ ಪೆಟಗಿ ತಗಿಯೂದಿಲ್ಲ. ನಾಳೆ ಮಾಡಿಕೊಡ್ತೇನಿ."

"ಹುಣ್ಣಿವಿಯಿಂದ ನಾಳೆ ನಾಳೆ ಅನ್ನಾಕತ್ತೀರಿ. ಮಗ್ಗ ಖಾಲಿ ಇರೂದು ಇವತ್ತ. ಓಣ್ಯಾಗಿನ ಮಗ್ಗೆಲ್ಲಾ ನೆಟ್ಟಗ ಮಾಡಿಕೊಟ್ಟೀರಿ, ಹೆಂಡತಿ ಮಗ್ಗ ಕಣ್ಣಿಗೆ ಬೀಳವಲ್ದೇನು?"

ಮಾತು ಖರೆ ಇತ್ತು. ಅದಕ್ಕೇ ಮೈಯೆಲ್ಲ ಉರಿಯಿತು. ಕಿಟಕಿಯ ಮೇಲೆ ಒಂದು ಹಳೆಯ ಉಳಿ ಬಿದ್ದಿರುತ್ತಿತ್ತು, ಎಣ್ಣೆ ಡಬ್ಬಿಯ ಮುಚ್ಚಳ ಎಬ್ಬಿಸಲು, ಗೋಡೆಯ ಸುಣ್ಣ ಕೆರೆಯಲು. ಅದನ್ನು ನಾನು ಹತ್ಯಾರವೆಂದೇ ಲೆಕ್ಕಕ್ಕಿಟ್ಟಿರಲಿಲ್ಲ. ಸಾಣೆ ಕಂಡು ವರ್ಷಗಳಾಗಿದ್ದವು. ತಗೊಂಡು ಅವಳ ಮುಂದೆ ಒಗೆದೆ.

"ತಗೋ. ಇದು ಪೆಟಗ್ಯಾಗಿಂದಲ್ಲ, ಇದಕ್ಕ ಅಮಾಸಿ ಇಲ್ಲ."

ಅವಳು ತಿರುಗಿಸಿ ನೋಡಿದಳು. "ಇದು ಬೆಣ್ಣೀನೂ ಕೊಯ್ಯೂದಿಲ್ಲರಿ. ಚಲೋದು ಕೊಡ್ರಿ."

"ನಿನ್ನ ಕೈಗೆ ಅದ ಸಾಕು. ಚಲೋದು ಕೊಟ್ರ ಬೆರಳ ಕೊಯ್ಕೊಂಡೀ."

ಈ ಮಾತು ನನ್ನ ಬಾಯಿಂದಲೇ ಬಂತು. ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದೆ. ಒಳಗಿನಿಂದ ಟಕ್ ಟಕ್ ಸಪ್ಪಳ. ಪೆಟ್ಟು ಬರಬರುತ್ತ ಜೋರಾಯಿತು. ಉಳಿ ಕಚ್ಚುತ್ತಿಲ್ಲ, ಅದಕ್ಕೇ ಜೋರು ಹಾಕುತ್ತಿದ್ದಾಳೆ ಎಂದು ನನ್ನ ಕಿವಿಗೆ ಸ್ಪಷ್ಟ ತಿಳಿಯಿತು. ಬಡಿಗನ ಕಿವಿ ಅದು, ತಿಳಿಯದೆ ಇರುತ್ತದೆಯೇ? ಏಳಲಿಲ್ಲ. ಎಲೆ ಮಡಚಿ ಬಾಯಿಗೆ ಹಾಕಿಕೊಂಡೆ. ಆಗ "ಅಯ್ಯಯ್ಯೋ" ಎಂಬ ದನಿ ಕೇಳಿತು.

ಒಳಗೆ ಓಡಿ ನೋಡಿದರೆ, ಬಡಿಯುತ್ತಿದ್ದ ಕಲ್ಲು ಬದಿಗಿಟ್ಟು, ಬಲಗೈಯಿಂದ ಉಳಿ ನೂಕುತ್ತ, ಎಡಗೈಯಿಂದ ದಿಂಡು ಹಿಡಿದಿದ್ದಳು. ಉಳಿ ಬೆಣೆಯ ಮೇಲಿಂದ ಜಾರಿ ಎಡಗೈ ತೋರುಬೆರಳಿನ ಒಳಮಗ್ಗುಲಲ್ಲಿ ಎಲುಬಿನವರೆಗೆ ಇಳಿದಿತ್ತು. ಹಳೆ ಸೀರೆ ಹರಿದು ಬಿಗಿಯಾಗಿ ಒತ್ತಿ ಕಟ್ಟಿ, ಕೈ ಮೇಲೆತ್ತಿಸಿ ಹಿಡಿದು ದವಾಖಾನಿಗೆ ಒಯ್ದೆ. ಹೊಲಿಗೆ ಹಾಕುತ್ತ ಡಾಕ್ಟರು ಹೇಗಾಯಿತು ಎಂದು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಅವಳು, "ಇವರು ಇಲ್ಲದಾಗ ಉಳಿ ತಗೊಂಡಿದ್ನಿರಿ, ಹಿಡಿಯಾಕ ಬರಲಿಲ್ಲ" ಅಂದಳು. ಹಾದಿಯಲ್ಲಿ ಯಾಕೆ ಹಾಗೆ ಅಂದೆ ಎಂದೆ. "ಬಡಿಗ್ಯಾ ಹೆಂಡತಿ ಕೈಯಾಗ ಮೊಂಡ ಉಳಿ ಕೊಟ್ಟ ಅಂದ್ರ ಮಂದಿ ನಗತಾರ್ರಿ. ನಿಮ್ಮ ಕೆಲಸದ ಹೆಸರ ಕೆಡೂದು ಬ್ಯಾಡ" ಅಂದಳು.

ಗಾಯ ಮಾಯಿತು. ಮತ್ತೆ ಕೊಂಡಿ ಹಾಕಲು ಕೂತ ದಿನ ಅವಳು ಹರಟೆ ಹೊಡೆಯಲಿಲ್ಲ. ಬೆರಳ ನಡುವೆ ಎಳೆ ಇದೆಯೋ ಜಾರಿತೋ ಅವಳಿಗೆ ತಿಳಿಯುತ್ತಿರಲಿಲ್ಲ, ಬಗ್ಗಿ ಬಗ್ಗಿ ನೋಡಬೇಕಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹಾಕಿದ ಕೊಂಡಿಗಳೆಲ್ಲ ಬಿಚ್ಚಿಕೊಂಡವು. ಅವಳು ಬೆರಳನ್ನು ಮಗ್ಗದ ಕಟ್ಟಿಗೆಗೆ ಬಡಿದು ನೋಡಿದಳು. "ಬೆರಳ ಸತ್ತೈತ್ರಿ, ಏನ ಮುಟ್ಟಿದ್ರೂ ತಿಳಿಯವಲ್ದು" ಅಂದಳು. ಅಂದಿನಿಂದ ಒಡಲು ಇವಳು ನೇಯ್ದರೆ, ಕೊಂಡಿ ಹಾಕಲು ಎದುರುಮನೆಯವಳು ಬರುತ್ತಿದ್ದಳು. ಅಷ್ಟು ಹೊತ್ತು ಇವಳು ಅಡಿಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ.

ಅಷ್ಟಕ್ಕೇ ನಿಂತಿದ್ದರೂ ನನಗೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ. ಅವಳು ಹೇಳಿದ ಸುಳ್ಳನ್ನು ನಾನು ಎತ್ತಿಕೊಂಡೆ. ಯಾರಾದರೂ ನನ್ನ ಸಾಮಾನಿಗೆ ಕೈ ಹಾಕಿದರೆ, "ಏ, ಇಡು ಕೆಳಗ! ನಮ್ಮಾಕಿ ಹೇಳದ ಕೇಳದ ಉಳಿ ಹಿಡದು ಬೆರಳ ಕಳಕೊಂಡ್ಲು" ಎಂದು ಶುರು ಮಾಡುತ್ತಿದ್ದೆ. ಎರಡೂ ಕೈ ಅಲಗಿನ ಹಿಂದೆ, ಕಟ್ಟಿಗೆ ಬಿಗಿಯಬೇಕು ಎಂದು ಗುರುಗಳ ಮಾತನ್ನೆಲ್ಲ ನನ್ನದೇ ಎಂಬಂತೆ ಹೇಳುತ್ತಿದ್ದೆ. ಮೊಂಡ ಉಳಿಯ ಮಾತೊಂದನ್ನು ನುಂಗುತ್ತಿದ್ದೆ. ಹೇಳಿ ಹೇಳಿ ಕೊನೆಗೆ ನನಗೇ ಅದು ಖರೆ ಅನ್ನಿಸತೊಡಗಿತ್ತು. ಥೂ ನನ್ನ ಬಾಯಿಗೆ!

ಐದಾರು ವರ್ಷ ಹೀಗೇ ನಡೆಯಿತು. ಒಂದು ದಿನ ಗುಳೇದಗುಡ್ಡದ ನೇಕಾರನೊಬ್ಬ ಮಗ್ಗದ ಚೌಕಟ್ಟು ಮಾಡಿಸಲು ಬಂದಿದ್ದ. ನಾನು ಪೆಟ್ಟಿಗೆಯ ಬೀಗ ತೆಗೆದು ಹೊರಗಿಟ್ಟ, ಕಟ್ಟಿಗೆ ಹೆರೆಯುವ ರಂದದ ಅಲಗನ್ನು ಅವನು ಮುಟ್ಟಹೋದ. ನನ್ನ ಕಥೆ ಶುರುವಾಯಿತು. ಹೆಂಡತಿ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವನು ಪೂರ್ತಿ ಕೇಳಿ, ಏನೂ ಮನಸ್ಸಿನಲ್ಲಿಟ್ಟುಕೊಳ್ಳದೆ, "ಅಲ್ರಿ, ನೀವು ಪೆಟಗಿಗೆ ಬೀಗ ಹಾಕತೀರಿ. ಅವರಿಗೆ ಉಳಿ ಎಲ್ಲಿಂದ ಸಿಕ್ತು?" ಎಂದು ಕೇಳಿದ.

ಹೆಂಡತಿಯತ್ತ ನೋಡಿದೆ, ಈ ಸಲವೂ ಕಾಪಾಡುತ್ತಾಳೆ ಎಂದು. ಅವಳು ಚಹಾ ಕೆಳಗಿಟ್ಟು ಒಳಗೆ ಹೋದಳು.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ನಾನು ಕಿಟಕಿಯ ಮೇಲಿನ ಆ ಉಳಿ ತಗೊಂಡು ಸಾಣೆಕಲ್ಲಿನ ಮುಂದೆ ಕೂತೆ. ನೇಮ ಮುರಿದರೆ ಮುರಿಯಲಿ. ತುಕ್ಕು ಹೋಗುವವರೆಗೆ, ಅಲಗು ಹೊಳೆಯುವವರೆಗೆ ತಿಕ್ಕಿದೆ. ಉಗುರಿನ ಮೇಲೆ ಇಟ್ಟೆ, ಕಚ್ಚಿ ನಿಂತಿತು. ಅವಳು ಮಗ್ಗದ ಹತ್ತಿರ ಕೂತು, ಬಲಗೈಯಲ್ಲಿ ನೂಲಿನ ಲಡಿ ಹಿಡಿದು ಬಿಡಿಸುತ್ತಿದ್ದಳು. ಎದುರು ಕೂತು ಉಳಿಯನ್ನು ನಡುವೆ ಇಟ್ಟೆ.

"ತಪ್ಪು ನಂದು. ನೀ ಚಲೋ ಉಳಿ ಕೇಳಿದ್ದಿ, ನಾ ಸಿಟ್ಟಿಗೆ ಮೊಂಡಂದು ಕೊಟ್ಟೆ. ಮ್ಯಾಲೆ ಊರ ತುಂಬ ನಿನ್ನ ಹೆಸರ ಹೇಳಿದೆ. ಇವತ್ತಿನಿಂದ ಎಲ್ಲಾರ ಮುಂದ ಖರೆ ಹೇಳ್ತೇನಿ" ಅಂದೆ.

ಅವಳು ಲಡಿ ಬದಿಗಿಟ್ಟಳು. ಆಮೇಲೆ ಸಣ್ಣಗೆ ನಕ್ಕಳು. ಎಷ್ಟು ವರ್ಷದ ಮೇಲೆ ಆ ಓರೆಗಣ್ಣು ಕಂಡೆನೋ! ಉಳಿಯತ್ತ ಎಡಗೈ ಚಾಚಿದಳು, ನನ್ನ ಮೇಲಿನ ಕಣ್ಣು ತೆಗೆಯದೆ ತೋರುಬೆರಳಿನಿಂದ ಅಲಗನ್ನು ಉದ್ದಕ್ಕೂ ಸವರಿದಳು. ಹಿಡಿಯಬೇಕೆಂದು ನಾನು ಕೈ ಮುಂದೆ ಮಾಡುವುದರೊಳಗೆ ಆಗಿಹೋಗಿತ್ತು.

"ಎಲ್ಲಿ ಹರಿತ ಮಾಡೀರಿ? ಇನ್ನೂ ಮೊಂಡ ಐತಲ್ರಿ" ಅಂದಳು, ನಗುತ್ತಲೇ. ಅವಳ ಬೆರಳಿನಿಂದ ರಕ್ತ ಮಗ್ಗದ ಬಿಳಿ ನೂಲಿನ ಮೇಲೆ ತೊಟ್ಟಿಕ್ಕುತ್ತಿತ್ತು.